ಉದ್ದ ಕಮಾನು

ಮೊನ್ನೆ ಮೊಬೈಲ್ ರಿಪೇರಿಗೆ ಕೊಟ್ಟು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ರಿಪೇರಿ ಮಾಡುವಾತ ಬೆಸುಗೆ ಹಾಕಲು ಕಾದ ಕಡ್ಡಿಯನ್ನು ರಾಳದ ಡಬ್ಬಿಗೆ ಅದ್ದಿದ. ಒಂದೆಳೆ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದಾವಣಗೆರೆಯ ಆ ಮಹಡಿ ಕೋಣೆ ಕಣ್ಣ ಮುಂದೆ ಬಂತು... ಪಿಟೀಲು ಮೇಷ್ಟ್ರು ಕಮಾನಿಗೆ ರಾಳ ಉಜ್ಜುತ್ತಿದ್ದರು.

ಮೇಷ್ಟ್ರು ಹರಿಹರದವರು. ದಿನಾ ಸಂಜೆ ಬಸ್ಸಿನಲ್ಲಿ ಬರುವರು. ಪಿಟೀಲಿನ ಪೆಟ್ಟಿಗೆಗೆ ಕಿಟಕಿ ಪಕ್ಕದ ಸೀಟು, ತಮಗೆ ನಿಲ್ಲುವ ಜಾಗ. ಹರೆಯದಲ್ಲಿ ಊರೂರು ತಿರುಗಿ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸಿದವರು. ನಾನು ಪಾಠಕ್ಕೆ ಸೇರುವ ಹೊತ್ತಿಗೆ ಮಕ್ಕಳ ಪಾಠ, ಮದುವೆ ಆರತಕ್ಷತೆ, ಇಷ್ಟರಲ್ಲೇ ಅವರ ಮನೆ ನಡೆಯುತ್ತಿತ್ತು. ನನ್ನ ಪಿಟೀಲಿನ ಬಗ್ಗೆ ಹೆಚ್ಚು ಹೇಳಬಾರದು. ಕೆಳಗಿನ ಮಂಡಕ್ಕಿ ಅಂಗಡಿಯಾತ ಒಮ್ಮೆ ಮೆಟ್ಟಿಲು ಹತ್ತಿ ಬಂದು, "ಯಾರೋ ಬೆಕ್ಕಿನ ಬಾಲ ತುಳಿದಾರೇನ್ರಿ ಮೇಷ್ಟ್ರೇ?" ಅಂದಿದ್ದ.

ನನಗೆ ಬರುತ್ತಿದ್ದದ್ದು ಅಣಕಿಸುವುದೊಂದೇ. ಅಪ್ಪನ ಕೆಮ್ಮು, ಕಂಡಕ್ಟರನ ಸೀಟಿ, ಮಂಡಕ್ಕಿಯಾತನ ನಡಿಗೆ, ಯಾರನ್ನೂ ಬಿಟ್ಟವನಲ್ಲ. ನಮ್ಮ ಪಿಟೀಲು ಪಾಠಶಾಲೆಯ ವಾರ್ಷಿಕೋತ್ಸವದ ದಿನ ಮುಖ್ಯ ಅತಿಥಿ ಬರುವುದು ತಡವಾಯಿತು. ಪಾಲಕರು ಆಕಳಿಸತೊಡಗಿದರು. ಮೇಷ್ಟ್ರೇ ನನ್ನ ಬೆನ್ನು ತಟ್ಟಿ, "ಹೋಗೋ, ನಿನ್ನ ಕಸುಬು ತೋರ್ಸು" ಅಂದರು.

ನಾನು ಅವರನ್ನೇ ಅಣಕಿಸಿದೆ. ಚಕ್ಕಳಮಕ್ಕಳ ಹಾಕಿ ಕೂತೆ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದೆ, ಬಾಯಲ್ಲೇ ಶ್ರುತಿ ಕೂಡಿಸಿದೆ. ಜನ ನಕ್ಕಷ್ಟೂ ನನಗೆ ಹುರುಪು. ಕೊನೆಗೆ ಒಂದು ಉದ್ದ ಕಮಾನು ಎಳೆದು, ಅರ್ಧ ದಾರಿಯಲ್ಲಿ ಬಲಗೈಯನ್ನು ಗಡಗಡ ನಡುಗಿಸಿದೆ. ಅದು ನಾನು ಕಟ್ಟಿದ್ದಲ್ಲ, ಅವರಲ್ಲಿ ಕಂಡದ್ದು. ಕೆಲವು ತಿಂಗಳಿಂದ ಅವರ ಕೈ ಹಾಗಾಗುತ್ತಿತ್ತು. ಅದಕ್ಕೇ ತಾವು ಚುರುಕಿನ ಕೃತಿಗಳನ್ನಷ್ಟೇ ನುಡಿಸಿ, ಉದ್ದ ಸ್ವರಗಳನ್ನು ನಮ್ಮಿಂದ ಎಳೆಸುತ್ತಿದ್ದರು. ಅದು ಮುಚ್ಚಿಟ್ಟ ಸಂಗತಿ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕರು. ಆಮೇಲೆ ಅವರು ನುಡಿಸಲು ಕೂತಾಗ ಯಾರೂ ಪಿಟೀಲು ಕೇಳಲಿಲ್ಲ, ಎಲ್ಲರೂ ಬಲಗೈ ನೋಡಿದರು.

ಎಲ್ಲ ಮುಗಿದ ಮೇಲೆ ರಾಳವನ್ನು ಪೆಟ್ಟಿಗೆಗೆ ಹಾಕುತ್ತಾ ಹೇಳಿದರು: "ಎಷ್ಟ್ ಚೆಂದಾಗಿ ಕಮಾನು ನೋಡಿದೀಯಲ್ಲೋ. ಪಾಠದಾಗೂ ಹಿಂಗೇ ನೋಡಿದ್ರೆ ಪಿಟೀಲು ಬಂದುಬಿಡ್ತಿತ್ತು."

"ತಪ್ಪಾತೇನ್ರಿ ಮೇಷ್ಟ್ರೇ?"

"ಹೊತ್ತಾತು, ಬಸ್ ಸಿಗಲ್ಲ. ನಡಿ ನಡಿ."

ಪಾಲಕರು ಒಬ್ಬೊಬ್ಬರಾಗಿ ಮಕ್ಕಳನ್ನು ಪಾಠದಿಂದ ಬಿಡಿಸಿದರು. ಆರತಕ್ಷತೆಗೆ ಕರೆಯುತ್ತಿದ್ದವರು ಕೀಬೋರ್ಡಿನವನನ್ನು ಹುಡುಕಿಕೊಂಡರು. ಮಹಡಿ ಕೋಣೆಗೆ ಬೀಗ ಬಿತ್ತು. ಹೋಗಿ ಕಾಣಬೇಕೆಂದು ಎಷ್ಟೋ ಸಲ ಹರಿಹರದ ಬಸ್ಸು ಹತ್ತಿದೆ... ನಡುದಾರಿಯ ಬಾತಿ ಊರು ಬರುವ ಹೊತ್ತಿಗೆ ಧೈರ್ಯ ಸೋರಿ, ಇಳಿದು ವಾಪಸು. ಇಳಿಯದೆ ಹರಿಹರ ಮುಟ್ಟಿದ್ದು ಒಮ್ಮೆ ಮಾತ್ರ, ಅವರ ತಿಥಿಗೆ.

ಮೊನ್ನೆ ಆ ಹೊಗೆ ನೋಡುತ್ತಾ, ನನಗೇ ಗೊತ್ತಿಲ್ಲದೆ, ಸ್ಟೂಲಿನ ಮೇಲೆ ಅವರಾಗಿಬಿಟ್ಟೆ. ಬಾಯಲ್ಲಿ ಶ್ರುತಿ, ಕೈಯಲ್ಲಿ ಇಲ್ಲದ ಕಮಾನು, ಅದೇ ಉದ್ದನೆಯ ಎಳೆತ. ರಿಪೇರಿಯಾತನಿಗೆ ಮೇಷ್ಟ್ರು ಯಾರೆಂದೇ ಗೊತ್ತಿಲ್ಲವಲ್ಲ, ನಗಲಿಲ್ಲ. ಕಾದ ಕಡ್ಡಿ ಪಕ್ಕಕ್ಕಿಟ್ಟು ನನ್ನ ಕೈಯನ್ನೇ ನೋಡಿದ.

"ಯಾಕಣ್ಣ, ಕೈ ಹಂಗ್ ನಡುಗ್ತೈತಲ್ಲ... ಆರಾಮಿದೀರಿಲ್ಲೋ?"

ಮೇಷ್ಟ್ರ ಕೈಯನ್ನು ಅಷ್ಟು ಹತ್ತಿರದಿಂದ ನೋಡಿದವನು ನಾನು. ಊರಿನವರ ಮಾತೆಲ್ಲ ನನ್ನ ಬಾಯಲ್ಲಿ ಬರುತ್ತಿತ್ತು. ಮೇಷ್ಟ್ರನ್ನು ಕೇಳಬೇಕಿದ್ದ ಇದೊಂದು ಮಾತು ಮಾತ್ರ ಆಗ ಬರಲಿಲ್ಲ.