ಮುನಿಯಲ್ಲಮ್ಮನ ಎಂಟು ಗಂಟೆ

ಮೊದಲ ಕೋಳಿ ಕೂಗಿದೊಡನೆ ಕೊಟ್ಟಿಗೆಯ ಸಗಣಿ ಬಾಚಿ ತಿಪ್ಪೆಗೆ ಹಾಕಬೇಕು. ಎಮ್ಮೆಗೆ ಹುಲ್ಲು ಹಾಕಿ ಹಾಲು ಕರೆಯಬೇಕು. ಆ ಎಮ್ಮೆಯೋ ಮಹಾ ಬಿನ್ನಾಣಗಿತ್ತಿ. ಮುನಿಯಲ್ಲಮ್ಮನ ಹಳೆಯ ನೀಲಿ ಸೀರೆಯ ವಾಸನೆ ಮೂಗಿಗೆ ಬೀಳದೆ ಒಂದು ತೊಟ್ಟು ಹಾಲು ಬಿಡುತ್ತಿರಲಿಲ್ಲ. ಆಮೇಲೆ ಅಂಗಳ ಗುಡಿಸಿ, ಸಾರಿಸಿ, ರಂಗೋಲಿಯ ನಾಲ್ಕು ಎಳೆ ಎಳೆಯಬೇಕು. ಬಾವಿಯಿಂದ ಆರು ಬಿಂದಿಗೆ ನೀರು ಸೇದಿ ತರಬೇಕು. ಒಂದು ಸೇರು ರಾಗಿ ಬೀಸಬೇಕು. ಬೂದಿ ತೆಗೆದು ಒಲೆ ಹೊತ್ತಿಸಿ ಅತ್ತೆ ಅಕ್ಕಯಮ್ಮನಿಗೆ ಬಿಸಿನೀರು ಕಾಯಿಸಿ ಕೊಡಬೇಕು. ಹಿಂದಿನ ಸಂಜೆ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಬೀಡಿ ಎಲೆಗಳನ್ನು ಬಿಚ್ಚಿ, ತಗಡಿನ ಅಚ್ಚು ಇಟ್ಟು ಒಂದೊಂದಾಗಿ ಕತ್ತರಿಸಿಕೊಳ್ಳಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ಮೂಡಲ ಬೆಟ್ಟದ ಹಿಂದೆ ಬೆಳಕು ಹರಿಯುತ್ತಿತ್ತು. ಮುಳಬಾಗಿಲಿನ ಗಂಡಸರು ಜಗುಲಿಗೆ ಬಂದು ಮೈಮುರಿಯುತ್ತ, ಇನ್ನು ದಿನ ಶುರುವಾಯಿತು ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮುನಿಯಲ್ಲಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಅವಳು ವಕ್ಕಲೇರಿಯ ಹುಡುಗಿ. ಹದಿಮೂರಕ್ಕೆ ಗಂಗುಲಪ್ಪನ ಕೈಹಿಡಿದು ಇಲ್ಲಿಗೆ ಬಂದಳು. ಬೀಡಿ ಕಟ್ಟುವುದನ್ನು ಕಲಿಸಿದವಳು ಮೋಟುಗೋಡೆಯ ಆಚೆಯ ಮನೆಯ ಅಮೀನಾ ಬೀ. ಬೀಡಿಯೆಂದರೆ ಎಳೆಗೂಸಿನ ಹಾಗೆ, ಬಿಗಿಯಾಗಿ ಸುತ್ತಿದರೆ ಅಳುವುದಿಲ್ಲ ಎಂದು ಅವಳು ಹೇಳಿಕೊಟ್ಟ ಪಾಠ. ಈಗ ಮುನಿಯಲ್ಲಮ್ಮನಿಗೆ ಮೂವತ್ತು ದಾಟಿತ್ತು. ದಿನಕ್ಕೆ ಸಾವಿರ ಬೀಡಿ, ಒಂದೂ ಅಳುತ್ತಿರಲಿಲ್ಲ.

ಆದರೆ ಎಲೆ ಕೊಟ್ಟು ಬೀಡಿ ಕೊಳ್ಳುವ ಅಂಗಡಿಯ ಚೀಟಿಯಲ್ಲಿ ಇದ್ದ ಹೆಸರು ಗಂಗುಲಪ್ಪನದು. ಎಲೆ, ತಂಬಾಕು ತೂಗಿ ಕೊಡುವುದು ಗಂಡಸಿನ ಹೆಸರಿಗೇ ಎಂಬುದು ಅಲ್ಲಿನ ಪದ್ಧತಿ. ಗಂಡಸರು ಎಲೆ ಹೊತ್ತು ತರುತ್ತಿದ್ದರು, ಕಟ್ಟಿದ ಬೀಡಿ ಹೊತ್ತು ಒಯ್ಯುತ್ತಿದ್ದರು. ನಡುವಿನದು ಮನೆಯೊಳಗಿನ ಕೆಲಸ. ಅದಕ್ಕೆ ಹೆಸರು ಯಾಕೆ? ಹೀಗಾಗಿ ಬೀಡಿ ಕೆಲಸಗಾರರ ಸಂಘ ಹುಟ್ಟಿದಾಗ ಚೀಟಿಗಳನ್ನೇ ಮುಂದಿಟ್ಟುಕೊಂಡು ಪಟ್ಟಿ ಬರೆದರು. ಅರವತ್ತೆರಡು ಜನ ಸದಸ್ಯರು, ಅರವತ್ತೆರಡೂ ಮೀಸೆ. ಸುಳ್ಳು ಹೇಳಬೇಕೆಂದು ಯಾರೂ ಹೇಳಿದ್ದಲ್ಲ. ಸಗಣಿ ಬಾಚುವವಳು ಹೆಂಡತಿಯಾದರೂ ಎಮ್ಮೆ ಗಂಗುಲಪ್ಪನದು ಎನ್ನುವುದಿಲ್ಲವೇ, ಹಾಗೆ.

ಗಂಗುಲಪ್ಪ ಕೆಟ್ಟವನಲ್ಲ. ಅವನಿಗೆ ದೇವರು ಕೊಟ್ಟದ್ದು ಗಂಟಲು. ಅಂಗಡಿಯಲ್ಲಿ ಬೀಡಿ ಆರಿಸುವವನು ಸರಿಯಿರುವ ಕಟ್ಟುಗಳನ್ನೂ ಹೊಸಕಿ ಬಿಸಾಡುತ್ತಿದ್ದ ಕಾಲದಲ್ಲಿ, ನಡುಬೀದಿಯಲ್ಲಿ ನಿಂತು ಒಂದು ಕೂಗು ಹಾಕಿದವನು ಅವನೇ. ನಾಲ್ಕು ದಿನ ಯಾರೂ ಎಲೆ ಎತ್ತಲಿಲ್ಲ, ಹೊಸಕುವುದು ನಿಂತಿತು. ಅಂದಿನಿಂದ ಅವನೇ ಅಧ್ಯಕ್ಷ, ಅಮೀನಾ ಬೀಯ ಗಂಡ ತಾಜ್ ಪಾಷಾ ಕಾರ್ಯದರ್ಶಿ. ಮುನಿಯಲ್ಲಮ್ಮನಿಗೂ ಒಳಗೊಳಗೇ ಹೆಮ್ಮೆ.

ಸಾವಿರದ ಒಂಬೈನೂರ ನಲವತ್ತೈದರ ಆ ಚಳಿಗಾಲದಲ್ಲಿ ಗಂಗುಲಪ್ಪನಿಗೆ ಫೆಡರೇಷನ್ ಎಂಬ ಹುಚ್ಚು ಹಿಡಿಯಿತು. ಊರೂರಿನ ಸಂಘಗಳು ಸೇರಿ ದೇಶಕ್ಕೊಂದು ದೊಡ್ಡ ಸಂಘ, ದೇಶದೇಶದ ಸಂಘಗಳು ಸೇರಿ ಲೋಕಕ್ಕೇ ಒಂದು ಸಂಘ. ಬಿಳಿಯರ ಸೀಮೆಯಲ್ಲಿ ಅದಕ್ಕೂ ಏರ್ಪಾಡು ನಡೆದಿದೆಯಂತೆ. ಮುಳಬಾಗಿಲಿನ ಸಂಘ ಮದ್ರಾಸಿನ ಫೆಡರೇಷನ್ನಿಗೆ ಸೇರಿದರೆ ನಾಳೆ ರಷ್ಯಾದವರೂ ನಮ್ಮವರೇ. ಉಣ್ಣುವಾಗ ಅದೇ ಮಾತು, ಕೈತೊಳೆಯುವಾಗ ಅದೇ ಮಾತು. ಮುನಿಯಲ್ಲಮ್ಮ ಅದನ್ನು ತನಗೆ ತಿಳಿದಂತೆ ಗೋಡೆಯಾಚೆ ದಾಟಿಸಿದಳು: ಇಪ್ಪತ್ತೈದು ಬೀಡಿ ಸೇರಿದರೆ ಒಂದು ಕಟ್ಟು, ಕಟ್ಟುಗಳು ಸೇರಿದರೆ ಬುಟ್ಟಿ, ಬುಟ್ಟಿಗಳು ಸೇರಿದರೆ ಲಾರಿ.

"ಎಲ್ಲಾ ಸರಿ ಕಣೇ," ಎಂದಳು ಅಮೀನಾ ಬೀ. "ಲಾರಿ ಓಡಿಸೋನು ಎಂದಾದ್ರೂ ಬೀಡಿ ಕಟ್ಟವ್ನಾ ಕೇಳು."

ಅದನ್ನು ಕೇಳುವ ಮೊದಲೇ ಗಂಗುಲಪ್ಪ ಇನ್ನೊಂದು ಮಾತು ತಂದ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ, ಎಂಟು ಗಂಟೆ ನಮ್ಮಿಷ್ಟ. ಲೋಕದ ಕೆಲಸಗಾರರೆಲ್ಲ ಒಪ್ಪಿದ ಮಾತಂತೆ. ಮುನಿಯಲ್ಲಮ್ಮ ಮುದ್ದೆ ತೊಳಸುತ್ತಿದ್ದವಳು ಕೋಲು ನಿಲ್ಲಿಸಿದಳು.

"ಆ ಎಂಟು ಗಂಟೆ ಯಾವಾಗಯ್ಯ ಶುರು?"

"ಯಾವಾಗ ಅಂದ್ರೆ?"

"ಸಗಣಿ ಬಾಚ್ದಾಗ್ಲಿಂದಾನಾ, ಎಲೆ ಕತ್ತರಿಸ್ದಾಗ್ಲಿಂದಾನಾ?"

ಗಂಗುಲಪ್ಪ ತಲೆ ಕೆರೆದುಕೊಂಡ. ಊರಿನ ಯಾವ ಸಭೆಯಲ್ಲೂ ಯಾರೂ ಕೇಳದ ಪ್ರಶ್ನೆ. ಅದನ್ನು ಫೆಡರೇಷನ್ನಿನವರನ್ನೇ ಕೇಳಬೇಕು ಎಂದು ಹೇಳಿ ಮುದ್ದೆಗೆ ಕೈಹಾಕಿದ. ಅವನೇನೋ ಹೇಳಿ ಮರೆತ. ಅವಳಿಗೆ ಮಾತ್ರ ಆ ಪ್ರಶ್ನೆ ತಲೆಯೊಳಗೆ ಹೊಕ್ಕ ದುಂಬಿಯಂತೆ ಗುಂಯ್‌ಗುಟ್ಟತೊಡಗಿತು. ಕೇಳಬೇಕು, ಯಾರಿಗೆ ಗೊತ್ತೋ ಅವರನ್ನೇ ಕೇಳಬೇಕು, ಮದ್ರಾಸಿನಲ್ಲಾದರೂ ಸರಿ.

ಆ ವಾರವೇ ಮದ್ರಾಸಿನಿಂದ ಕಾಗದ ಬಂತು. ತಾಜ್ ಪಾಷಾ ಜಗುಲಿಯ ಮೇಲೆ ನಿಂತು ಓದಿದ. ಫೆಡರೇಷನ್ನಿನ ಕೋದಂಡರಾಮಪ್ಪನವರು ಬರುವ ಭಾನುವಾರ ಬಂದು ಸಂಘವನ್ನು ನೋಡಿ, ಸರಿಯೆನಿಸಿದರೆ ಸೇರಿಸಿಕೊಳ್ಳುತ್ತಾರೆ. ಅದರ ಬೆನ್ನಿಗೇ ನಡೆಯುವ ಮದ್ರಾಸಿನ ಸಮ್ಮೇಳನಕ್ಕೆ ಒಬ್ಬ ಪ್ರತಿನಿಧಿಯನ್ನು ಆರಿಸಬೇಕು. ಸ್ವಂತ ಕೈಯಿಂದ ಬೀಡಿ ಕಟ್ಟುವವರೇ ಆಗಿರಬೇಕು. ಜಗುಲಿಯ ಮೇಲಿದ್ದವರೆಲ್ಲ ಗಂಗುಲಪ್ಪನ ಕಡೆ ತಿರುಗಿ ನಕ್ಕರು. ಕೊನೆಯ ಸಾಲು ಓದಿದಾಗ ನಗು ನಿಂತಿತು. ಬರಿಗೈಯಲ್ಲಿ ಸಭೆ ಮಾಡುವುದು ತಮ್ಮ ರೂಢಿಯಲ್ಲ, ಸದಸ್ಯರೆಲ್ಲ ಮೊರ, ಕತ್ತರಿ, ನೆನೆಸಿದ ಎಲೆ ಸಮೇತ ಬಂದು ಬೀಡಿ ಕಟ್ಟುತ್ತಲೇ ಮಾತಾಡೋಣ ಎಂದು ಬರೆದಿದ್ದರು.

ಭಾನುವಾರಕ್ಕೆ ಐದು ದಿನ ಉಳಿದಿತ್ತು. ಬೀದಿಯ ಗಂಡಸರೆಲ್ಲ ಮನೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡರು.

ಆ ಐದು ದಿನ ಮುಳಬಾಗಿಲಿನ ಆ ಬೀದಿಯ ಹೆಂಗಸರು ನಕ್ಕಷ್ಟು ತಮ್ಮ ಮದುವೆಯಲ್ಲೂ ನಕ್ಕಿರಲಿಲ್ಲ. ಗಂಗುಲಪ್ಪ ಕಟ್ಟಿದ ಮೊದಲ ಬೀಡಿ ಸೋರೆಕಾಯಿಯಂತಿತ್ತು. ಎರಡನೆಯದು ಕೊಡೆಯಂತೆ ಬಿಚ್ಚಿಕೊಂಡು ತಂಬಾಕು ಮಡಿಲಿಗೆ ಸುರಿಯಿತು. ಮೂರನೆಯದನ್ನು ಅವನು ಹಿಡಿದೆತ್ತಿ ತೋರಿಸುವಷ್ಟರಲ್ಲಿ ತಾಯಿ ಅಕ್ಕಯಮ್ಮ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗುಳಿಕೊಂಡು ನಕ್ಕಳು. ಬಾವಿಕಟ್ಟೆಯಲ್ಲಿ ಬಿಂದಿಗೆ ತುಂಬುವುದಕ್ಕಿಂತ ಸುದ್ದಿ ತುಂಬುವುದೇ ಹೆಚ್ಚಾಯಿತು. ತಾಜ್ ಪಾಷಾ ಎಲೆಯ ಜೊತೆ ಹೆಬ್ಬೆರಳನ್ನೂ ಕತ್ತರಿಸಿಕೊಂಡನಂತೆ. ವೆಂಕಟರಾಯಪ್ಪ ಬೀಡಿಗೆ ದಾರ ಸುತ್ತಲು ಹೋಗಿ ತನ್ನ ಬೆರಳನ್ನೂ ಸೇರಿಸಿ ಬಿಗಿದನಂತೆ. ಬಿಡಿಸಲು ಹೆಂಡತಿ ಶ್ಯಾಮಲಮ್ಮನೇ ಹಲ್ಲಿನಿಂದ ಕಡಿಯಬೇಕಾಯಿತಂತೆ. ಮುನಿಯಲ್ಲಮ್ಮ ನಗುತ್ತಲೇ ಗಂಡನ ಬೆರಳು ಹಿಡಿದು ತಿದ್ದುತ್ತಿದ್ದಳು. ಹದಿನೇಳು ವರ್ಷದಲ್ಲಿ ಅವನು ಅವಳ ಕೈಯನ್ನು ಅಷ್ಟು ಹೊತ್ತು ದಿಟ್ಟಿಸಿ ನೋಡಿದ್ದು ಅದೇ ಮೊದಲು.

ಶನಿವಾರ ಮಧ್ಯಾಹ್ನ ಗಂಗುಲಪ್ಪ ಮೊರ ಪಕ್ಕಕ್ಕಿಟ್ಟ.

"ಇದು ಆಗೋ ಮಾತಲ್ಲ ಕಣಮ್ಮಿ. ನೀನು ಕಟ್ಟಿರೋ ಒಂದು ಕಟ್ಟು ನನ್ನ ಮೊರದ ಎಲೆ ಕೆಳಗೆ ಇಟ್ಟಿರು. ಮಿಕ್ಕಿದ್ದು ನನ್ನ ಬಾಯಿ ನೋಡ್ಕೊಳ್ಳುತ್ತೆ."

ಅವಳು ಇಟ್ಟಳು. ಒಲೆಯ ಮೇಲಿನ ತಟ್ಟೆಯಲ್ಲಿ ಕಾದು ಗರಿಗರಿಯಾಗಿದ್ದ ಒಳ್ಳೆಯ ಕಟ್ಟನ್ನೇ ಆರಿಸಿ ಇಟ್ಟಳು. ಇಡುವಾಗ ಅವಳಿಗೊಂದು ವಿಷಯ ಹೊಳೆಯಿತು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಭಾನುವಾರ ಕುರುಡುಮಲೆ ದಾರಿಯ ಹೊಂಗೆಮರದ ಕೆಳಗೆ ಸಭೆ. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಓಡುವ ಯುದ್ಧಕಾಲದ ಬಸ್ಸಿನಿಂದ ಮುಖಕ್ಕೆಲ್ಲ ಮಸಿ ಬಳಿದುಕೊಂಡು ಇಳಿದ ಕೋದಂಡರಾಮಪ್ಪ ಸಣಕಲು ಮನುಷ್ಯ. ಹಾರ ಹಾಕಿಸಿಕೊಂಡು ನೆಲದ ಮೇಲೆಯೇ ಕೂತು ಮೊರ ಎಳೆದುಕೊಂಡರು. "ಚೇತುಲು ಖಾಳೀಗಾ ಉಂಟೇ ನಾಕು ಮಾಟ ರಾದು," ಕೈ ಖಾಲಿಯಿದ್ದರೆ ನನಗೆ ಮಾತು ಬರದು ಎಂದು ತೆಲುಗಿನಲ್ಲಿ ಶುರುಮಾಡಿದರು. ಆ ಊರಿನಲ್ಲಿ ತೆಲುಗು ಬರದವರು ಯಾರು? ಬೆಲ್ಲದ ಕಾಫಿ ಹೊತ್ತು ತಂದ ಹೆಂಗಸರು ಹಿಂದೆ ಕಲ್ಲುಗೋಡೆಗೆ ಒರಗಿ ನಿಂತು ಕೇಳಿದರು. ಮುನಿಯಲ್ಲಮ್ಮ ಮಾತಿಗಿಂತ ಹೆಚ್ಚಾಗಿ ಅವರ ಬೆರಳು ನೋಡಿದಳು. ಅವು ಥೇಟ್ ಅಮೀನಾ ಬೀಯ ಬೆರಳು. ಈ ಲಾರಿ ಓಡಿಸುವವನು ಬೀಡಿ ಕಟ್ಟಿದವನೇ.

ಮಾತು ಮುಗಿಯುವ ಹೊತ್ತಿಗೆ ಅವರ ಮೊರದಲ್ಲಿ ಒಂದು ಕಟ್ಟು ಸಿದ್ಧವಾಗಿತ್ತು. ನಿಮ್ಮವು ನೋಡೋಣ ಎಂದರು. ಅರವತ್ತೆರಡು ಮೊರಗಳ ಎಲೆಯ ಅಡಿಯಿಂದ ಅರವತ್ತೆರಡು ಕಟ್ಟುಗಳು ಹೊರಬಂದವು. ಬೀದಿಯ ಗಂಡಸರಿಗೆಲ್ಲ ಹೊಳೆದ ಉಪಾಯ ಒಂದೇ. ಕೋದಂಡರಾಮಪ್ಪ ಗಂಗುಲಪ್ಪನ ಕಟ್ಟನ್ನು ಎತ್ತಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ತಾಜ್ ಪಾಷಾನದನ್ನೂ ಅಲ್ಲಾಡಿಸಿದರು. ಗರಗರ ಸದ್ದು.

"ಈಗ ತಾನೇ ಕಟ್ಟಿದ ಬೀಡಿ ಒದ್ದೆ ಇರಬೇಕಲ್ಲಪ್ಪ," ಎಂದರು ಮೆಲ್ಲಗೆ. "ಇವು ಬೆಂಕಿ ಕಂಡು ಬಂದಿವೆ. ಅರವತ್ತೆರಡೂ."

ನೆನೆದ ಎಲೆಯ ಬೀಡಿ ಒಣಗಲು ಒಂದು ದಿನವಾದರೂ ಬೇಕೆಂಬುದು ಆ ಅರವತ್ತೆರಡು ಜನರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಗೋಡೆಗೆ ಒರಗಿದ್ದ ಅಷ್ಟೂ ಹೆಂಗಸರಿಗೆ ಗೊತ್ತಿತ್ತು. ಒಬ್ಬಳಿಗೊಬ್ಬಳು ಹೇಳಿಕೊಂಡಿರಲಿಲ್ಲ, ಆದರೂ ಎಲ್ಲರೂ ಒಣ ಕಟ್ಟನ್ನೇ ಇಟ್ಟು ಕಳಿಸಿದ್ದರು. ಮುನಿಯಲ್ಲಮ್ಮ ಅಮೀನಾ ಬೀಯ ಮುಖ ನೋಡಿದಳು, ಅಮೀನಾ ಬೀ ಶ್ಯಾಮಲಮ್ಮನ ಮುಖ ನೋಡಿದಳು. ಯಾರ ಬಾಯಿಂದ ಮೊದಲು ಹೊರಟಿತೋ, ಆ ನಗು ಗೋಡೆಯ ಈ ತುದಿಯಿಂದ ಆ ತುದಿಗೆ ಓಡಿತು. ಕೋದಂಡರಾಮಪ್ಪ ಅತ್ತ ತಿರುಗಿದರು. ಬೀಡಿ ಕಟ್ಟುವವರು ಯಾರೆಂದು ಅವರಿಗೆ ಕೇಳುವ ಅಗತ್ಯವೇ ಬೀಳಲಿಲ್ಲ.

ಅಮೀನಾ ಬೀ ಬೆನ್ನಿಗೆ ಕೈಕೊಟ್ಟು ತಳ್ಳಿದಳು. ಮುನಿಯಲ್ಲಮ್ಮ ಹೋಗಿ ಗಂಡನ ಮೊರವನ್ನು ಮಡಿಲಿಗೆ ಎಳೆದುಕೊಂಡು ಕೂತು ಕಟ್ಟತೊಡಗಿದಳು. ಹತ್ತಾಯಿತು, ಇಪ್ಪತ್ತಾಯಿತು. ಇಪ್ಪತ್ತೈದನೆಯದರ ತಲೆ ಮಡಿಸುತ್ತ, ತಲೆ ಎತ್ತದೆ, ತನ್ನ ದುಂಬಿಯನ್ನು ಹೊರಗೆ ಬಿಟ್ಟಳು. ನಾಲ್ಕಕ್ಕೇ ಏಳುವವಳ ಎಂಟು ಗಂಟೆ ಯಾವಾಗ ಶುರುವಾಗುತ್ತದೆ?

ಅವಳ ಜೊತೆಗೇ ಮತ್ತೆ ಕಟ್ಟತೊಡಗಿದ್ದ ಕೋದಂಡರಾಮಪ್ಪನವರ ಬೆರಳು ನಿಂತವು.

"ನನಗೆ ಗೊತ್ತಿಲ್ಲ ತಾಯಿ," ಎಂದರು. "ಇಪ್ಪತ್ತು ವರ್ಷದಿಂದ ಆ ಮಾತು ಹೇಳ್ತಾ ಇದ್ದೀನಿ. ನಮ್ಮ ಮನೇಲೂ ಇದನ್ನ ಕೇಳ್ದೋರಿಲ್ಲ. ಮದ್ರಾಸಿಗೆ ಬಂದು ಕೇಳು, ಅಲ್ಲಿ ಎಲ್ಲಾ ದೊಡ್ಡೋರೂ ಇರ್ತಾರೆ."

ನಿಜವಾಗಿ ಕಟ್ಟುವವರ ಹೆಸರಿನ ಹೊಸ ಪಟ್ಟಿ ಬರೆದರೆ ಮಾತ್ರ ಫೆಡರೇಷನ್ನಿನಲ್ಲಿ ಸಂಘಕ್ಕೆ ಜಾಗ ಎಂದರು. ತಾಜ್ ಪಾಷಾ ಕಟ್ಟು ಹಾಕಿದ ಹೆಬ್ಬೆರಳಿನಿಂದಲೇ ಬರೆಯತೊಡಗಿದ. ಹೆಂಡತಿಯ ಹೆಸರಿಗೆ ಬಂದಾಗ ಪೂರಾ ಹೆಸರೇನೆಂದು ಅವಳನ್ನೇ ಕೇಳಬೇಕಾಗಿ ಬಂದು, ಇನ್ನೊಂದು ಸುತ್ತು ನಗು ಎದ್ದಿತು. ಪ್ರತಿನಿಧಿ ಯಾರು ಎಂಬಲ್ಲಿಗೆ ಬಂದಾಗ ಎದ್ದು ನಿಂತವನು ಗಂಗುಲಪ್ಪನೇ. ನಾಚಿಕೆಯಿಂದ ಕಿವಿ ಕೆಂಪಾಗಿದ್ದರೂ ಗಂಟಲು ಮಾತ್ರ ಅದೇ ಗಂಟಲು. ಮುನಿಯಲ್ಲಮ್ಮ ಎಂದು ಅವನು ಕೂಗಿದ್ದು ಸಂತೆಮಾಳದವರೆಗೂ ಕೇಳಿತು. ಎಲ್ಲ ಕೈಗಳೂ ಮೇಲೆದ್ದವು, ಬಳೆಯ ಸದ್ದಿನ ಸಮೇತ.

ಮನೆಗೆ ಬಂದ ಮೇಲೆ ಆ ಗಂಟಲು ಸ್ವಲ್ಪ ಇಳಿಯಿತು. ಮರುದಿನ ಏಳು ಗಂಟೆಗೆ ಬಸ್ಸು, ಬೌರಿಂಗ್‌ಪೇಟೆಯಿಂದ ರೈಲು. ಶ್ಯಾಮಲಮ್ಮ ಜೊತೆಗೆ ಬರುವುದಾಗಿ ಹೇಳಿದ್ದಳು. ಹೋಗಿಬರಲು ಐದು ದಿನ.

"ಹೋಗ್ಬೇಡ ಅಂದೋರ್ಯಾರು?" ಎಂದ ಗಂಗುಲಪ್ಪ. "ಬೆಳಗಿನ ಕೆಲ್ಸ ಎಲ್ಲಾ ಮುಗಿಸಿ, ಐದು ದಿನದ ರಾಗೀನೂ ಬೀಸಿಟ್ಟು ಹೊರಡು. ಮಿಕ್ಕಿದ್ದು ನಾನೂ ಅಮ್ಮನೂ ಹೆಂಗೋ ನೋಡ್ಕೋತೀವಿ."

ಹಾಗಾದರೆ ಮೂರಕ್ಕೇ ಏಳಬೇಕು ಎಂದುಕೊಂಡು ಮುನಿಯಲ್ಲಮ್ಮ ಮಲಗಿದಳು. ಐದು ದಿನ ನಕ್ಕು ಸೋತ ಮೈಗೆ ಒಳ್ಳೆಯ ನಿದ್ದೆ ಬಂತು.

ಎಚ್ಚರವಾದಾಗ ಕೂಗುತ್ತಿದ್ದದ್ದು ಎಂದಿನ ಕೋಳಿ. ಅವಳ ಬಲಗಾಲು ತನ್ನಷ್ಟಕ್ಕೆ ತಾನೇ ಕಂಬಳಿಯಿಂದ ಹೊರಬಂದು ನೆಲ ಮುಟ್ಟಿತು. ಈಗ ಎದ್ದು ಓಡಾಡಿದರೂ ಎಲ್ಲ ಕೆಲಸ ಮುಗಿಯುವಾಗ ಬಸ್ಸು ಹೊರಟುಹೋಗಿರುತ್ತದೆ. ಗಂಡನನ್ನು ಎಬ್ಬಿಸಬಹುದು, ಎಬ್ಬಿಸಿ, ಹುಲ್ಲು ಇಲ್ಲಿದೆ, ಹಗ್ಗ ಅಲ್ಲಿದೆ ಎಂದು ಹೇಳಿಕೊಡುವುದು ಮಾಡುವುದಕ್ಕಿಂತ ದೊಡ್ಡ ಕೆಲಸ. ಕೊಟ್ಟಿಗೆಯಲ್ಲಿ ಎಮ್ಮೆ ಒಮ್ಮೆ ಕೂಗಿತು. ಮುನಿಯಲ್ಲಮ್ಮ ಕತ್ತಲಲ್ಲಿ ತನ್ನ ಕಾಲನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತಳು.

ಆಮೇಲೆ ಕಾಲನ್ನು ಒಳಗೆಳೆದುಕೊಂಡು, ಕಂಬಳಿ ಹೊದ್ದು ಮಲಗಿಬಿಟ್ಟಳು.

ಕಿಟಕಿಯ ಸರಳುಗಳು ಕಾಣುವವರೆಗೂ ಹಾಗೇ ಇದ್ದಳು. ಬೆಳಗಾಗುವುದನ್ನು ಅವಳು ಮಲಗಿಕೊಂಡು ನೋಡಿದ್ದಿಲ್ಲ. ಮೊದಲು ಬೂದಿ ಬಣ್ಣ, ಆಮೇಲೆ ಹೊಗೆಸೊಪ್ಪಿನ ಬಣ್ಣ, ಆಮೇಲೆ ಎಲ್ಲಿಂದಲೋ ಒಂದಿಷ್ಟು ಅರಿಶಿನ. ಎದ್ದು, ಬಿಂದಿಗೆಯ ತಳದಲ್ಲಿ ಉಳಿದ ನೀರಿನಲ್ಲಿ ಮುಖ ತೊಳೆದು, ಮದುವೆಯ ಸೀರೆ ಉಟ್ಟಳು. ಕತ್ತರಿಯನ್ನೂ ತಗಡಿನ ಅಚ್ಚನ್ನೂ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗಂಗುಲಪ್ಪ ಬಾಯಿ ತೆರೆದು ಮಲಗಿದ್ದ. ಅವನ ತಲೆದಿಂಬಿನ ಪಕ್ಕ ಹಾಲು ಕರೆಯುವ ಚೆಂಬನ್ನು ಸದ್ದಾಗದಂತೆ ಇಟ್ಟಳು. ಬಾಗಿಲವರೆಗೆ ಹೋದವಳು ಏನೋ ನೆನಪಾಗಿ ಹಿಂದಿರುಗಿ, ಗೂಟದ ಮೇಲಿದ್ದ ತನ್ನ ಹಳೆಯ ನೀಲಿ ಸೀರೆಯನ್ನು ತೆಗೆದು, ನೀಟಾಗಿ ಮಡಿಸಿ, ಚೆಂಬಿನ ಮೇಲೆ ಇಟ್ಟು ಹೊರಟಳು.