ನನ್ನ ವಿಂಡೋಸ್ ಸೆವೆನ್ ಕನ್ನಡ ಓದಿತು

ಮೊನ್ನೆ ಬುಧವಾರ ಬೆಳಿಗ್ಗೆ ನನ್ನ ಕಂಪ್ಯೂಟರನ್ನು ನಾನೇ ಕೈಯಾರೆ ಮೂಕ ಮಾಡಿದೆ. ಎಂಟರ್ ಒತ್ತಿದ್ದೇ ತಡ, ಮಾತು ನಿಂತಿತು. ಒಳಗಿನ ಫ್ಯಾನಿನ ಗುಂಯ್ ಸದ್ದು ಬಿಟ್ಟರೆ ಏನೂ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊನ್ನಾಳಿಯಲ್ಲಿ ನಲವತ್ತು ವರ್ಷ ಪಂಪ್‌ಸೆಟ್ ಮೋಟರ್ ರೀವೈಂಡಿಂಗ್, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಕೆಲಸ, ಮಾಡಿದವನು ನಾನು. ಓದಿದ್ದು ಆರನೇ ಕ್ಲಾಸು.

ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದು ಆರು ವರ್ಷವಾಯಿತು. ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್ ಹಾಕಿಕೊಂಡು ಕಂಪ್ಯೂಟರ್ ನಡೆಸುತ್ತೇನೆ.

ಫೋನ್ ಸಾಕಲ್ಲವಾ ಎಂದು ಕೇಳಬೇಡಿ. ತಾಮ್ರದ ತಂತಿ, ವಾರ್ನಿಷ್ ಹಿಡಿದು ಹಿಡಿದು ನನ್ನ ಬೆರಳ ತುದಿ ದಪ್ಪ ಚರ್ಮವಾಗಿದೆ, ಟಚ್ ಸ್ಕ್ರೀನು ಅದನ್ನು ಬೆರಳೆಂದೇ ಒಪ್ಪುವುದಿಲ್ಲ. ಕೀಬೋರ್ಡ್ ಆದರೆ ಗುದ್ದಿದರೂ ಕೇಳುತ್ತದೆ.

ನನ್ನ ಸಂಕಟ ಬೇರೆಯೇ ಇತ್ತು. ನಾನು ಕಟ್ಟಿದ ಮೋಟರುಗಳ ವಿವರ, ಯಾವುದಕ್ಕೆ ಎಷ್ಟು ಸುತ್ತು, ಎಷ್ಟು ದಪ್ಪದ, ಅಂದರೆ ಯಾವ ಗೇಜಿನ ತಂತಿ, ಎಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಸೊಸೆ ಸುಧಾ ಅದಷ್ಟನ್ನೂ ಕನ್ನಡದಲ್ಲೇ ಟೈಪ್ ಮಾಡಿಕೊಟ್ಟಳು.

ಆದರೆ ನನ್ನ ಹಳೇ ಸಾಫ್ಟ್‌ವೇರ್‌ಗೆ ಇಂಗ್ಲಿಷ್ ಮಾತ್ರ ಬರುತ್ತಿತ್ತು. ಕನ್ನಡ ಕಂಡರೆ ಬಾಯಿ ಮುಚ್ಚಿಕೊಂಡು ಮುಂದೆ ಹೋಗುತ್ತಿತ್ತು.

ಚನ್ನಗಿರಿ, ನ್ಯಾಮತಿ ಕಡೆಯ ಮೆಕ್ಯಾನಿಕ್‌ಗಳು ಇವತ್ತಿಗೂ ನನಗೆ ಫೋನ್ ಮಾಡಿ ವಿವರ ಕೇಳುತ್ತಾರೆ. ಸೊಸೆ ಅಂಗನವಾಡಿ ಮುಗಿಸಿಕೊಂಡು ಬರಲಿ, ಓದಿಸಿ ಹೇಳುತ್ತೇನೆ ಎನ್ನಬೇಕು. ನಾನೇ ಬರೆದದ್ದು ನನಗೇ ಸಿಗದು...

ಕಾಯುವುದಕ್ಕೆ ಯಾರಿಗೆ ಪುರುಸೊತ್ತಿದೆ? ಒಬ್ಬೊಬ್ಬರೇ ಫೋನ್ ಮಾಡುವುದನ್ನು ಬಿಡತೊಡಗಿದ್ದರು. ಕಣ್ಣು ಹೋದಾಗಲೂ ನನಗೆ ಅಷ್ಟು ಸಂಕಟವಾಗಿರಲಿಲ್ಲ.

ಕನ್ನಡ ಓದುವ ಹೊಸ ಸಾಫ್ಟ್‌ವೇರ್ ಬಂದಿದೆ ಎಂದು ಕೇಳಿ, ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಒಂದು ಅಂಗಡಿಗೆ ಹೋದೆ.

"ಅಜ್ಜಾರೆ, ಇದು ವಿಂಡೋಸ್ ಸೆವೆನ್. ಹೊಸದು ಇದರಾಗೆ ಕೂರಲ್ಲ. ಗುಜರಿಗೆ ಹಾಕಿ ಬೇರೇದು ತಗಳ್ರಿ" ಎಂದ ಅಂಗಡಿಯವನು.

"ಕೂರ್ಸಾಕೆ ಬರಲ್ಲ ಅಂದ್ರೆ ಅಂಗಡಿ ಯಾಕಪ್ಪಾ ಇಟ್ಟೀಯ?" ಎಂದು ಬೈದು ವಾಪಸ್ ಬಂದೆ. ಸುಟ್ಟು ಕರಕಲಾದ ಮೋಟರ್ ತಂದವರಿಗೂ ನಾನು ಗುಜರಿಗೆ ಹಾಕಿ ಎಂದವನಲ್ಲ.

ಕಣ್ಣಿಲ್ಲದ ನಮ್ಮಂಥವರ ಒಂದು ವಾಟ್ಸಾಪ್ ಗ್ರೂಪ್ ಇದೆ, ಸುಧಾಳ ಫೋನಿನಲ್ಲಿ ಕೇಳುತ್ತೇನೆ. ಅದರಲ್ಲಿ ಜಗಳೂರಿನ ಒಬ್ಬರು ಟೀಚರ್ ವಾಯ್ಸ್ ಮೆಸೇಜ್ ಕಳಿಸಿದರು. ತೀರಾ ಹೊಸದು ಸೆವೆನ್‌ನಲ್ಲಿ ನಡೆಯುವುದಿಲ್ಲ, ಆದರೆ ಅದಕ್ಕಿಂತ ಸ್ವಲ್ಪ ಹಿಂದಿನದು ನಡೆಯುತ್ತದೆ, ಕನ್ನಡವನ್ನೂ ಓದುತ್ತದೆ ಎಂದು.

ಸುಧಾ ಅದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟಳು. "ಮಾವಾ, ನಾನು ಬರೋತಂಕ ಮುಟ್ಟಬ್ಯಾಡ್ರಿ" ಎಂದು ಹೇಳಿ ಕೆಲಸಕ್ಕೆ ಹೋದಳು.

ನಾನು ಮುಟ್ಟಿದೆ.

ರೀವೈಂಡಿಂಗ್‌ನವನ ಬುದ್ಧಿ ಎಲ್ಲಿ ಹೋಗುತ್ತದೆ? ಹಳೇ ಕಾಯಿಲ್ ಪೂರ್ತಿ ಕಿತ್ತು, ಒಳಗೆಲ್ಲ ಒರೆಸಿ, ಆಮೇಲೆ ಹೊಸ ತಂತಿ ಸುತ್ತುವುದು ನಮ್ಮ ಕ್ರಮ. ಹಾಗೆಯೇ ಹಳೇ ಸಾಫ್ಟ್‌ವೇರನ್ನು ಮೊದಲು ತೆಗೆದುಹಾಕಿದೆ. ಹೊಸದು ಕೂರುವ ತನಕ ನನಗೆ ಓದಿ ಹೇಳುವವರು ಯಾರು ಎಂದು ಯೋಚಿಸಲಿಲ್ಲ.

ಮೊದಲು ಹೊಸದು ಹಾಕಿ, ಆಮೇಲೆ ಹಳೇದು ತೆಗೀರಿ ಎಂದು ಟೀಚರ್ ಮೆಸೇಜಿನ ಕೊನೆಗೆ ಹೇಳಿದ್ದರು. ಅಷ್ಟುದ್ದ ಕೇಳುವ ತಾಳ್ಮೆ ನನಗಿರಲಿಲ್ಲ. ತಪ್ಪು ನನ್ನದೇ.

ಮನೆಯಲ್ಲಿದ್ದವಳು ನನ್ನ ಹೆಂಡತಿ ಗಿರಿಜಾ ಒಬ್ಬಳೇ. ನನಗೆ ಕಣ್ಣಿಲ್ಲ, ಅವಳು ಶಾಲೆಗೆ ಹೋದವಳಲ್ಲ. ಅವಳನ್ನು ಕರೆದು ಸ್ಕ್ರೀನ್ ಮುಂದೆ ಕೂರಿಸಿಕೊಂಡೆ. ಪೆನ್‌ಡ್ರೈವ್ ಹಾಕಿ, ಕಂಡದ್ದನ್ನು ಅವಳು ಹೇಳುತ್ತಿದ್ದಂತೆ ಕೀ ಒತ್ತುತ್ತಾ ಹೋದೆ.

"ಒಂದು ಚೌಕ ಬಂತು ನೋಡ್ರಿ" ಎಂದಳು.

"ಅದರಾಗೆ ಏನೈತೆ?"

"ಏನೋ ಬರದೈತೆ. ನನಗೆ ಓದಾಕೆ ಬರ್ತೈತಾ?"

"ಬಟನ್ ಎಷ್ಟದಾವೆ, ಅದನ್ನ ಹೇಳೇ!"

"ಎರಡದಾವೆ. ಬಲಗಡೇದು ಹೊಳೀತೈತೆ. ಕಣ್ಣು ನಂದು, ಸಿಟ್ಟು ನಿಮ್ದಾ? ಇನ್ನೊಂದ್ಸಲ ಕೂಗಿದ್ರೆ ಎದ್ದೋಗ್ತೀನಿ ನೋಡ್ರಿ."

 ಅದು ಹೊಸದನ್ನು ಒಳಗೆ ಬಿಡಲೇ ಎಂದು ಕೇಳುವ ಚೌಕ, ಎಡಗಡೆಯದು 'ಯೆಸ್', ಬಲಗಡೆಯದು 'ನೋ' ಎಂದು ನನಗೆ ಗೊತ್ತಿತ್ತು. ಎಡಗಡೆ ಬಾಣದ ಕೀ ಒಂದು ಸಲ. ಎಂಟರ್.

ಒಂದು ನಿಮಿಷ... ಎರಡು ನಿಮಿಷ... ಬರೀ ಫ್ಯಾನು.

ಆಮೇಲೆ ಸಣ್ಣಗೆ ಒಂದು ಸಂಗೀತ, ಅದರ ಹಿಂದೆಯೇ ಮಾತು, ಹೊಸದು ಪೂರ್ತಿ ಕೂರುವ ಮುಂಚೆಯೇ! ಇಂಗ್ಲಿಷಿನಲ್ಲಿ. ಇರಲಿ. ಅಲ್ಲಿಂದ ಮುಂದೆ ನನಗೆ ಯಾರೂ ಬೇಕಾಗಲಿಲ್ಲ. ಕಿವಿಯಲ್ಲಿ ಕೇಳಿಕೊಂಡೇ ಇನ್‌ಸ್ಟಾಲ್ ಮಾಡಿ, ಧ್ವನಿಗಳ ಪಟ್ಟಿಗೆ ಹೋಗಿ 'ಕೆ' ಒತ್ತಿದೆ. ಯಾವುದೋ ದೇಶದ ಭಾಷೆಯ ಹೆಸರು ಹೇಳಿತು. ಇನ್ನೊಂದು ಸಲ ಒತ್ತಿದೆ. ಕನ್ನಡ.

ನನ್ನ ಪುಸ್ತಕದ ಫೈಲ್ ತೆರೆದೆ. ಮೂಗಿನಲ್ಲಿ ಮಾತಾಡಿದ ಹಾಗೆ, ಉಸಿರೇ ತೆಗೆದುಕೊಳ್ಳದೆ ಓದುತ್ತಾ ಹೋಗುತ್ತದೆ... ಇಂಥವರ ಹೊಳೆದಂಡೆ ಮೋಟರ್, ಐದು ಎಚ್‌ಪಿ, ಇಷ್ಟು ಸುತ್ತು, ಇಂಥ ಗೇಜು. ಒಂದಾದ ಮೇಲೆ ಒಂದು.

ಗಿರಿಜಾ ಎದ್ದು ಹೋಗಿಲ್ಲ. ಅಲ್ಲೇ ಕೂತಿದ್ದಾಳೆ.

"ಇದೆಲ್ಲಾ ನೀವು ಬರ್ದಿದ್ದೇನ್ರೀ?" ಎಂದಳು. ನಲವತ್ತು ವರ್ಷ ನಾನು ಬರೆಯುವುದನ್ನು ನೋಡಿದವಳು. ಏನು ಬರೆಯುತ್ತೇನೆ ಎಂದು ಅವತ್ತೇ ಅವಳಿಗೆ ಗೊತ್ತಾಗಿದ್ದು. ನಾನು ಫೈಲನ್ನು ಮತ್ತೆ ಮೊದಲಿನಿಂದ ಓದಿಸಿದೆ.

ಮಧ್ಯಾಹ್ನ ಕೆರೆಬಿಳಚಿಯಿಂದ ಮೆಕ್ಯಾನಿಕ್ ರಫೀಕ್ ಫೋನ್ ಮಾಡಿದ. "ಚಾಚಾ, ಏಳೂವರೆ ಎಚ್‌ಪಿದು ಒಂದು ಬಂದೈತೆ. ಮೊದ್ಲು ಬಿಚ್ಚಿದೋನು ಸುತ್ತು ಎಣಿಸ್ದೇನೇ ಕಿತ್ತಾಕಿದಾನೆ. ಸೊಸೆ ಬಂದ ಮ್ಯಾಲೆ ಫೋನ್ ಮಾಡ್ಲಾ?"

"ಪೆನ್ನು ತಗಳಲೇ" ಎಂದೆ.

ಫೈಲಿನಲ್ಲಿ ಆ ಮೋಟರಿನ ವಿವರ ಹುಡುಕಿ, ಫೋನನ್ನು ಸ್ಪೀಕರ್ ಪಕ್ಕ ಹಿಡಿದೆ. ಕಂಪ್ಯೂಟರ್ ಪೂರ್ತಿ ಓದಿತು. 

"ಯಾರು ಚಾಚಾ ಓದಿದ್ದು?"

"ನಾನು ಓದ್ಸಿದ್ದು ಕಣಲೇ. ಬರಕಂಡ್ಯಾ ಇಲ್ವಾ?"

ವಿಂಡೋಸ್ ಸೆವೆನ್ ಇಟ್ಟುಕೊಂಡವರು ಇಲ್ಲಿ ಇನ್ನೂ ಯಾರ್ಯಾರಿದ್ದೀರಿ? ಹೊಸದು ತಗೊಳ್ಳಿ ಎನ್ನುವವರು ಮಾತ್ರ ಕಮೆಂಟ್ ಹಾಕಬೇಡಿ.