ಒಳಲೆ ಕೊಟ್ಟೆ, ಹದ ಕೊಡಲಿಲ್ಲ

ಅರಸೀಕೆರೆಯ ಒಂದು ಶಿಶುಗೃಹದಲ್ಲಿ ನಾನು ಆಯಾ ಆಗಿದ್ದಾಗಿನ ಮಾತಿದು. ಹುಟ್ಟಿ ವಾರ ತುಂಬದ ಹೆಣ್ಣು ಕೂಸೊಂದು ನಮ್ಮಲ್ಲಿಗೆ ಬಂತು. ತುಟಿ ಸೀಳಿತ್ತು, ಒಳಗೆ ಅಂಗುಳವೂ ಸೀಳಿತ್ತು. ಬಾಟಲಿ ಚೀಪಲು ಬಾರದು, ಕುಡಿದದ್ದೆಲ್ಲ ಮೂಗಿನಿಂದ ಆಚೆಗೆ. ಹಾಗಾಗಿ ಒಳಲೆಯಲ್ಲಿ, ಆ ಉದ್ದ ಮೂತಿಯ ಪುಟ್ಟ ಬಟ್ಟಲಲ್ಲಿ, ಕುಡಿಸುತ್ತಿದ್ದೆ. ಕೂಸನ್ನು ನೆಟ್ಟಗೆ ಕೂರಿಸಿಕೊಂಡು, ಒಳಲೆಯ ಮೂತಿಯನ್ನು ಕೆನ್ನೆಯ ಒಳಬದಿಗೆ ಇಟ್ಟು, ಒಂದು ಗುಟುಕು ಬಿಡಬೇಕು. ಅದು ಗಂಟಲಲ್ಲಿ ಇಳಿದದ್ದು ಕಂಡ ಮೇಲೆ ಇನ್ನೊಂದು. ಒಂದು ಹೊತ್ತಿನ ಹಾಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಮಿಕ್ಕ ಆಯಾಗಳಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಕೂಸು ನನ್ನದೇ ಆಯಿತು.

ಚಿಕಿತ್ಸೆಗೆ ಓಡಾಡಿದವಳೂ ನಾನೇ. ಹಾಸನದ ಡಾಕ್ಟರು, ತೂಕ ಬಂದರೆ ಮೊದಲು ತುಟಿ ಹೊಲಿಯೋಣ ಎಂದಿದ್ದರು. ದತ್ತು ಕೇಳಿದವರಲ್ಲಿ ಫೋಟೊ ನೋಡಿಯೇ ಬೇಡ ಎಂದವರಿದ್ದರು. "ಹೊಲಿದ್ರೆ ಸರಿಹೋಗೋ ತುಟಿ ಸಾರ್, ಅದನ್ನೂ ಬರ್ದು ಕಳ್ಸಿ" ಎಂದು ಆಫೀಸಿನವರ ತಲೆ ತಿಂದೆ. ಕಡೆಗೆ ಮಾದಿಹಳ್ಳಿಯ ಗಂಡ ಹೆಂಡತಿ ದತ್ತು ತೆಗೆದುಕೊಳ್ಳಲು ಒಪ್ಪಿದರು.

ನಾನು ಬಯಸಿದ್ದೂ ಇದನ್ನೇ ತಾನೆ? ಆದರೆ ಆ ಹೆಂಗಸು ಕೂಸನ್ನು ಎತ್ತಿಕೊಂಡಾಗ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಸೀಳಿದ ತುಟಿ ಕಂಡು ಮುಖ ಹಿಂಡುತ್ತಾಳೆ, ಆಗ ನೋಡಿಕೊಳ್ಳೋಣ ಎಂದು ಕಾಯುತ್ತಿದ್ದೆ. ಅವಳು ಆ ತುಟಿಗೇ ಮುತ್ತಿಟ್ಟಳು. ತವರಿನವರಂತೆ ನಾವೇ ಮಡಿಲಕ್ಕಿ ಹಾಕಿ ಕಳಿಸಿದೆವು. ಹಾಕಿದ್ದು ನನ್ನ ಕೈ. ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಅದಕ್ಕೂ ಉರಿಯಿತು.

ಔಷಧಿ, ಸ್ನಾನ, ಲಸಿಕೆ ಎಲ್ಲ ಹೇಳಿದೆ. ಒಳಲೆಯನ್ನೂ ತೊಳೆದು ಕೊಟ್ಟೆ. ಕುಡಿಸುವ ಹದ ಮಾತ್ರ ಹೇಳಲಿಲ್ಲ. ಮರೆತಿರಲಿಲ್ಲ. ಎರಡು ದಿನ ಒದ್ದಾಡಲಿ, ನಾನಿಲ್ಲದೆ ಆಗುವುದಿಲ್ಲ ಎಂದು ಗೊತ್ತಾಗಲಿ ಅಂದುಕೊಂಡೆ.

ಎರಡು ದಿನಕ್ಕೆ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಹನ್ನೆರಡನೆಯ ದಿನ ಬಂತು. "ಅಕ್ಕ, ಏನ್ ಮಾಡುದ್ರೂ ಹಾಲು ಮೂಗಲ್ಲೇ ಬತ್ತೈತೆ. ತೂಕ ಇಳ್ದೈತಂತೆ, ಡಾಕ್ಟ್ರು ಆಪರೇಷನ್ ಮುಂದಕ್ಕಾಕವ್ರೆ" ಎಂದು ಅತ್ತಳು. ಸುಳ್ಳೇಕೆ, ಮೊದಲು ನನಗೆ ಖುಷಿಯಾಯಿತು. ಆಮೇಲೆ ರಜೆ ಕೇಳಲು ಆಫೀಸಿಗೆ ಓಡಿದೆ.

ಹಳೇಬೀಡಿನಲ್ಲಿ ಬಸ್ಸು ಬದಲಿಸಿ ಮಾದಿಹಳ್ಳಿಗೆ ಹೋದೆ. ಕೂಸಿನ ಕೆನ್ನೆ ಇಳಿದುಹೋಗಿತ್ತು. ಜಗಲಿಯ ಮೇಲೆ ಕೂತು ಅವಳ ಕೈ ಹಿಡಿದು ಕಲಿಸಿದೆ. ಮೊದಲ ನಾಲ್ಕು ಗುಟುಕು ಕೆಮ್ಮಿನಲ್ಲೇ ಹೋದವು. ಐದನೆಯದು ಇಳಿಯಿತು. ಒಳಲೆ ಖಾಲಿಯಾಗುವಷ್ಟರಲ್ಲಿ ಕೂಸು ಅವಳ ಮುಖವನ್ನೇ ನೋಡುತ್ತಿತ್ತು. ಪಕ್ಕದಲ್ಲಿದ್ದ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

"ನೀವು ಅವತ್ತೇ ಹೇಳಿರ್ತೀರ. ಸಂತೋಷದಾಗೆ ನಾನೇ ಕಿವೀಗಾಕ್ಕಂಡಿಲ್ಲ. ನಂದೇ ತಪ್ಪು ಕಣಕ್ಕ" ಎಂದಳು.

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಇಲ್ಲ ಕಣಮ್ಮ. ನಾನು ಹೇಳಿರ್ಲಿಲ್ಲ. ಬೇಕೂಂತ್ಲೇ ಹೇಳ್ಲಿಲ್ಲ" ಅಂದುಬಿಟ್ಟೆ.

ಬೈಯುತ್ತಾಳೆ, ಎದ್ದು ಹೋಗು ಅನ್ನುತ್ತಾಳೆ ಅಂದುಕೊಂಡೆ. ಅವಳು ಕೂಸಿನ ಬಾಯಿ ಒರೆಸಿ, ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಅದು ತೇಗಿದ ಮೇಲೆ ನನ್ನನ್ನು ನೋಡಿ ಕೇಳಿದಳು.

"ಇನ್ನೇನಾರ ಮುಚ್ಚಿಟ್ಟಿದ್ದೀರಾ?"

ಇತ್ತು. ಕೂಸು ಎಷ್ಟೇ ರಚ್ಚೆ ಹಿಡಿದರೂ ಎಡಗಿವಿಯ ಹಿಂದೆ ಮೆಲ್ಲಗೆ ಸವರಿದರೆ ನಿದ್ದೆ ಹೋಗುತ್ತದೆ. ಅದು ನನಗೊಬ್ಬಳಿಗೇ ಗೊತ್ತಿತ್ತು. ಅದನ್ನೂ ಹೇಳಿದೆ. ಅವಳು ಅಲ್ಲೇ ಸವರಿ ನೋಡಿದಳು. ಕೂಸು ನಿದ್ದೆಹೋಯಿತು.